ಪರಚಿತ್ತಪರಿಜ್ಞಾನವೂ ವೈದ್ಯಧರ್ಮವೂ

(ಮಾಸ್ತಿಯಲ್ಲಿ ನಡೆದ ಉಪನ್ಯಾಸದ ಪಾಠ)



ದೇಹಕ್ಕೆ ಬಂದ ರೋಗವನ್ನು ಪರೀಕ್ಷಿಸುವ ವೈದ್ಯನಿಗೆ ನಾಡಿಯುಂಟು, ನಾಲಗೆಯುಂಟು, ಮೈಯ ಕಾವುಂಟು. ಇವು ಯಾವ ದೇಶದವನಲ್ಲಿಯಾದರೂ ಬಹುಮಟ್ಟಿಗೆ ಒಂದೇ ವಿಧವಾಗಿ ಸಾಕ್ಷಿ ಹೇಳುತ್ತವೆ. ಮನಸ್ಸಿಗೆ ಬಂದ ರೋಗವನ್ನು ಪರೀಕ್ಷಿಸುವವನಿಗಾದರೋ ರೋಗಿಯ ಮಾತು ಮತ್ತು ನಡತೆ ಇವೆರಡನ್ನುಳಿದು ಬೇರೆ ಗುರುತುಗಳು ಬಹಳ ಕಡಮೆ. ಮಾತು ಭಾಷೆಯಿಂದ ಹುಟ್ಟತಕ್ಕದ್ದು. ನಡತೆಯು ಆಚಾರದಿಂದ ಹುಟ್ಟತಕ್ಕದ್ದು. ಹೀಗಿರುವಲ್ಲಿ, ಭಾಷೆಯೂ ಆಚಾರವೂ ತನ್ನವಲ್ಲದ ಜನರ ನಡುವೆ ಮನೋವೈದ್ಯವನ್ನು ನಡೆಸುವವನು ಯಾವ ಧರ್ಮವನ್ನು ಹಿಡಿದು ನಡೆಯಬೇಕು ಎಂಬ ಪ್ರಶ್ನೆಯು ವೈದ್ಯರಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಲಾಗದು. ತಮ್ಮವರಲ್ಲೊಬ್ಬರನ್ನು ಅಂಥ ವೈದ್ಯನ ಮುಂದೆ ಕೂರಿಸಬೇಕಾಗಿ ಬಂದ ಪ್ರತಿಯೊಂದು ಮನೆಗೂ ಅದು ಸಂಬಂಧಿಸಿದುದು.

ಈ ವಿಷಯವನ್ನು ವಿಚಾರಿಸುವುದಕ್ಕೆ ಮಾಸ್ತಿಯು ತಕ್ಕ ಸ್ಥಳವೇ ಆಗಿದೆ. ತಮಿಳುನಾಡಿನ ಗಡಿಗೆ ಸಮೀಪವಾದ ಈ ಮಾಲೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಇಟ್ಟಿಗೆ ಹೆಂಚುಗಳ ಕೆಲಸಕ್ಕೆಂದು ದೂರದ ಪ್ರಾಂತಗಳಿಂದ ಬಂದ ಕೂಲಿಯವರ ಮಾತು ಬೇರೆ. ಪರದೇಶವೆಂಬುದು ಸಮುದ್ರದ ಆಚೆಗೇ ಇರಬೇಕೆಂಬ ನಿಯಮವಿಲ್ಲ; ಒಬ್ಬನ ಸಂಕಟವು ಮತ್ತೊಬ್ಬನ ಕಿವಿಗೆ ಅರ್ಥವಾಗದ ಕಡೆಯೆಲ್ಲವೂ ಪರದೇಶವೇ. ಇಷ್ಟಲ್ಲದೆ, ಮಾಸ್ತಿ ಎಂಬ ಹೆಸರು ಮಹಾಸತಿ ಎಂಬುದರ ತದ್ಭವವೆಂದು ಬಲ್ಲವರು ಹೇಳುತ್ತಾರೆ. ಗಂಡನ ಚಿತೆಯನ್ನೇರಿದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳು ಕನ್ನಡ ನಾಡಿನಲ್ಲಿ ಅಸಂಖ್ಯಾತವಾಗಿವೆ. ಒಂದು ಕಾಲದ ಜನರು ಯಾವುದನ್ನು ಪರಮ ಪಾತಿವ್ರತ್ಯವೆಂದು ಪೂಜಿಸಿದರೋ ಅದನ್ನೇ 1829ರಲ್ಲಿ ಬಂಗಾಳದ ಸರಕಾರವು ಅಪರಾಧವೆಂದು ನಿಷೇಧಿಸಿತು. ಇಂದು ಆ ನಿಷೇಧವು ತಪ್ಪೆಂದು ಹೇಳುವ ವಿವೇಕಿಯಿಲ್ಲ. ಆದುದರಿಂದ "ಇದು ನಮ್ಮ ಆಚಾರ" ಎಂಬ ಒಂದು ಮಾತಿನಿಂದಲೇ ಎಲ್ಲ ವಾದವೂ ಮುಗಿಯುವುದಿಲ್ಲವೆಂಬ ಎಚ್ಚರವನ್ನು ಈ ಊರಿನ ಹೆಸರೇ ಕೊಡುತ್ತಿದೆ. ಆಚಾರವನ್ನು ಅರಿಯದವನು ರೋಗವನ್ನು ಅರಿಯನು; ಆಚಾರಕ್ಕೆಲ್ಲ ತಲೆಬಾಗುವವನು ರೋಗಿಯನ್ನು ಕಾಯನು. ಈ ಇಕ್ಕಟ್ಟಿನಲ್ಲಿಯೇ ವೈದ್ಯಧರ್ಮದ ದಾರಿಯಿದೆ.

ನಮ್ಮ ಪ್ರಾಚೀನರು ಈ ತೊಡಕನ್ನು ಕಾಣದೆ ಇರಲಿಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದದ ಲಕ್ಷಣವನ್ನು ಹೇಳುವಾಗ ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೆಂದು ನಿರ್ಣಯಿಸಿದೆ. ಇವುಗಳಲ್ಲಿ ಕಡೆಯದು ಆಚಾರ. ಯಾರ ಆಚಾರ? ವೈದ್ಯನದಲ್ಲ, ರೋಗಿಯದು. ಮಾಂಸವನ್ನು ಮುಟ್ಟದವನು ಮುಟ್ಟತೊಡಗಿದರೆ, ಮೌನಿಯು ವಾಚಾಳಿಯಾದರೆ, ಅದನ್ನು ಅವನ ಹಿಂದಿನ ಬಾಳಿನೊಡನೆ ತೂಗಿ ನೋಡಬೇಕೇ ಹೊರತು ನೋಡುವವನ ಮನೆಯ ಪದ್ಧತಿಯೊಡನೆ ತೂಗಲಾಗದು. ಅದೇ ಗ್ರಂಥದ ವಿಮಾನಸ್ಥಾನದಲ್ಲಿ, ರೋಗಿಯು ಯಾವ ದೇಶದಲ್ಲಿ ಹುಟ್ಟಿದನು, ಎಲ್ಲಿ ಬೆಳೆದನು, ಎಲ್ಲಿ ರೋಗಕ್ಕೆ ಗುರಿಯಾದನು, ಅಲ್ಲಿನ ಜನರ ಆಹಾರವಿಹಾರಗಳೇನು ಎಂಬುದನ್ನು ವಿಚಾರಿಸಬೇಕೆಂಬ ವಿಧಿಯಿದೆ. ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರಾಗಿ ವಿಂಗಡಿಸಿ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದನ್ನು ಪ್ರತ್ಯೇಕವಾದ ಒಂದು ವಿಧವಾಗಿ ಎಣಿಸಿರುವುದೂ ಗಮನಾರ್ಹವಾದುದು.

ಪಾಶ್ಚಾತ್ಯ ಪದ್ಧತಿಯ ಮನೋವೈದ್ಯವು ಮೈಸೂರು ಸೀಮೆಗೆ ಬಂದುದು ಬೆಂಗಳೂರಿನಲ್ಲಿ 1847ರಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಯ ಮೂಲಕ. 1925ರಲ್ಲಿ ಮೈಸೂರು ಸರಕಾರವು ಅದಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು. ಅದರ ಆಡಳಿತವನ್ನು ವಹಿಸಿದ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಈ ಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದವರು. ಹೊರಗಿನ ವಿದ್ಯೆಯನ್ನು ಪೂರ್ಣವಾಗಿ ಕಲಿತಿದ್ದರೂ, ಭಾರತೀಯ ದರ್ಶನಗಳನ್ನೂ ಆಯುರ್ವೇದವನ್ನೂ ಮನೋವೈದ್ಯದ ದೃಷ್ಟಿಯಿಂದ ಶೋಧಿಸಬೇಕೆಂದು ಅವರು ವಾದಿಸಿದರು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ಇಂದು ಜನರು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಯಿತು. ಪರದೇಶದಲ್ಲಿ ಕಲಿತುದನ್ನು ಸ್ವದೇಶದ ರೋಗಿಗೆ ಹೇಗೆ ಹೊಂದಿಸಬೇಕು ಎಂಬ ಪ್ರಶ್ನೆಯು ಆ ಸಂಸ್ಥೆಯ ಹುಟ್ಟಿನೊಡನೆಯೇ ಹುಟ್ಟಿತೆನ್ನಬಹುದು.

ಈ ಹೊಂದಿಕೆಯಲ್ಲಿ ಮೊದಲ ತೊಡಕು ಹೆಸರಿಡುವುದರದು. ಖಿನ್ನತೆಯೆಂಬ ರೋಗವಿರುವ ಹಳ್ಳಿಯ ಹೆಂಗಸು "ನನಗೆ ದುಃಖವಾಗಿದೆ" ಎಂದು ಹೇಳುವುದು ಅಪರೂಪ. ಎದೆ ಭಾರ, ಕೈಕಾಲು ಸೇದುವುದು, ತಲೆ ಬಿಸಿ, ನಿದ್ದೆಯಿಲ್ಲ ಎನ್ನುವಳು. ಗಂಡಸಾದರೆ ಧಾತು ಹೋಗಿ ನರ ಸೋತಿತೆನ್ನುವನು. ಈ ಬಗೆಯ ವ್ಯಥೆಗೆ 1960ರಲ್ಲಿ ಡಾಕ್ಟರ್ ಎನ್. ಎನ್. ವಿಗ್ ಅವರು ಧಾತುವಿನ ಹೆಸರನ್ನೇ ಕೊಟ್ಟು ಶಾಸ್ತ್ರದಲ್ಲಿ ಸ್ಥಾನ ಕಲ್ಪಿಸಿದರು. ಪುಸ್ತಕದಲ್ಲಿರುವ ಪ್ರಶ್ನೆಗಳನ್ನು ಮಾತ್ರ ಕೇಳುವ ವೈದ್ಯನು ಇಂಥವರನ್ನು ರೋಗವಿಲ್ಲವೆಂದು ಹಿಂದಕ್ಕೆ ಕಳುಹಿಸುವನು, ಇಲ್ಲವೆ ಹೃದಯದ ಪರೀಕ್ಷೆ, ಹೊಟ್ಟೆಯ ಪರೀಕ್ಷೆ ಎಂದು ಅವರ ದುಡ್ಡನ್ನು ಕಳೆಯುವನು. ಬೆಂಗಳೂರಿನ ವಿದ್ವಾಂಸರಾದ ಡಾಕ್ಟರ್ ಆರ್. ರಘುರಾಮ್ ಮತ್ತು ಅವರ ಸಂಗಡಿಗರು 1996ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಖಿನ್ನತೆಯ ಮಾತನ್ನು ಹೆಚ್ಚಾಗಿ ಹೇಳಿಕೊಂಡ ರೋಗಿಗಳು ಹೆಚ್ಚಿನ ಕಳಂಕವನ್ನೂ, ಮೈನೋವುಗಳನ್ನು ಹೆಚ್ಚಾಗಿ ಹೇಳಿಕೊಂಡವರು ಕಡಮೆ ಕಳಂಕವನ್ನೂ ಅನುಭವಿಸುತ್ತಿದ್ದರೆಂದು ಕಂಡುಬಂದಿತು. ಹಾಗಾದರೆ ಮೈನೋವಿನ ಮಾತು ಅಜ್ಞಾನದ ಫಲವೆಂದು ಹೇಳಲಾಗದು; ಅದು ಮಾನವನ್ನು ಕಾಯ್ದುಕೊಳ್ಳುವ ಒಂದು ಹೊದಿಕೆ. ವೈದ್ಯನು ಒಳಗಿನ ಗಾಯವನ್ನು ನೋಡಬೇಕು. ಆದರೆ ಹತ್ತು ಜನರ ಮುಂದೆ ಆ ಹೊದಿಕೆಯನ್ನು ಕಿತ್ತೊಗೆಯಬಾರದು.

ಭಾಷೆ ಬಾರದ ಕಡೆ ದುಭಾಷಿಯು ಬೇಕು. ದುಭಾಷಿಯು ಸಿಕ್ಕದೆ ಹೋದಾಗ ಮಗನನ್ನೋ ಸೊಸೆಯನ್ನೋ ನಡುವೆ ನಿಲ್ಲಿಸುವುದು ವಾಡಿಕೆ. ಸೊಸೆಯ ಬಾಯಿಂದ ಅತ್ತೆಯ ದುಃಖವು ಯಾವ ರೂಪದಲ್ಲಿ ಹೊರಬರುವುದೆಂಬುದನ್ನು ವಿವರಿಸಬೇಕಾಗಿಲ್ಲ. ಹತ್ತು ವರ್ಷದ ಹುಡುಗಿಯ ಮೂಲಕ ತಾಯಿಯನ್ನು "ಸಾಯಬೇಕೆನಿಸುತ್ತದೆಯೇ?" ಎಂದು ಕೇಳಿಸುವುದು ಪರದೇಶದ ಆಸ್ಪತ್ರೆಯಲ್ಲಿಯಾಗಲಿ ಕೋಲಾರ ಸೀಮೆಯ ಆಸ್ಪತ್ರೆಯಲ್ಲಿಯಾಗಲಿ ಅಧರ್ಮವೇ ಸರಿ.

ಕೇಳಿ ತಿಳಿಯುವುದು ಹೇಗೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮಾರಿಸ್ ಕಾರ್‌ಸ್ಟೇರ್ಸ್ ಅವರೂ ಡಾಕ್ಟರ್ ಆರ್. ಎಲ್. ಕಪೂರ್ ಅವರೂ ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ, ಮೊಗೇರ ಎಂಬ ಮೂರು ಸಮುದಾಯಗಳ ಮನೋವ್ಯಥೆಗಳನ್ನು ಪರಿಶೀಲಿಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಇವರಿಬ್ಬರಿಗೂ ಕನ್ನಡವು ಮನೆಯ ಭಾಷೆಯಲ್ಲ. ಆದಕಾರಣ ಹೊರಗಿನಿಂದ ತಂದ ಪ್ರಶ್ನಾವಳಿಯನ್ನೇ ಜನರ ಮೇಲೆ ಹೇರದೆ, ಭಾರತೀಯ ರೋಗಿಗಳು ಹೇಳಿಕೊಳ್ಳುವ ವ್ಯಥೆಗಳಿಗೆ ಹೊಂದುವ ಪರೀಕ್ಷಾಕ್ರಮವನ್ನು ಹೊಸದಾಗಿ ಸಿದ್ಧಪಡಿಸಿದರು. ಊರಿನ ವೈದ್ಯ, ಮಂತ್ರವಾದಿ, ದೈವವು ಮೈಮೇಲೆ ಬರುವ ಪಾತ್ರಿ, ಈ ಮೂವರ ಕೆಲಸವನ್ನೂ ಹಾಸ್ಯಮಾಡದೆ ಗಮನವಿಟ್ಟು ನೋಡಿದರು. ಜನರು ಇವರ ಬಳಿಗೂ ಇಂಗ್ಲಿಷ್ ಔಷಧದ ಡಾಕ್ಟರ ಬಳಿಗೂ ಯಾವ ವಿರೋಧವನ್ನೂ ಎಣಿಸದೆ ಹೋಗುತ್ತಿದ್ದುದು ಅವರಿಗೆ ಗೋಚರವಾಯಿತು. ಪಾತ್ರಿಯ ಮೈಮೇಲೆ ದೈವವು ಬರುವುದನ್ನು ಪರದೇಶದ ಯಾವುದೋ ಕೋಣೆಯಲ್ಲಿ ಕುಳಿತವನು ಕೇಳಿದರೆ ಚಿತ್ತಭ್ರಂಶವೆಂದು ಬರೆದಾನು. ಕೋಟದವನಿಗೆ ಅದು ವರ್ಷದ ಕ್ರಮದಲ್ಲಿ ಬರುವ, ಕಾಲದೇಶಗಳ ಕಟ್ಟಿಗೆ ಒಳಪಟ್ಟ ಒಂದು ಸೇವೆ. ಆವೇಶವು ಇಳಿದ ಮರುದಿನ ಪಾತ್ರಿಯು ಎಂದಿನಂತೆ ತನ್ನ ಕೆಲಸಕ್ಕೆ ಹೋಗುವನು. ಕಾಲವಿಲ್ಲದೆ, ಕ್ರಮವಿಲ್ಲದೆ, ತನಗೂ ಮನೆಯವರಿಗೂ ಸಂಕಟವಾಗುವಂತೆ ಆವೇಶ ಬರುವವನ ವಿಚಾರ ಬೇರೆ. ಈ ಭೇದವನ್ನು ವೈದ್ಯನಿಗೆ ಕಲಿಸಬಲ್ಲವರು ಆ ಊರಿನವರೇ.

ಹೀಗೆಂದ ಮಾತ್ರಕ್ಕೆ ದೇವಸ್ಥಾನದ ಬಾಗಿಲಲ್ಲಿ ನಡೆಯುವುದೆಲ್ಲವೂ ಚಿಕಿತ್ಸೆಯೆಂದು ಭ್ರಮಿಸಕೂಡದು. ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೇಲೆ ಹೇಳಿದ ರಘುರಾಮ್ ಅವರೂ ಸಂಗಡಿಗರೂ ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿ ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಅಲ್ಲಿ ಔಷಧವಿರಲಿಲ್ಲ, ಬಲಾತ್ಕಾರವೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸಗಳಲ್ಲಿ ರೋಗಿಗಳು ಕೈಜೋಡಿಸುತ್ತಿದ್ದರು. ರೋಗಲಕ್ಷಣಗಳ ಅಳತೆಯು ನೂರಕ್ಕೆ ಸುಮಾರು ಇಪ್ಪತ್ತರಷ್ಟು ತಗ್ಗಿತ್ತು. ಇದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಶ್ರಯದ ನೆಪದಿಂದ ಖಾಸಗಿಯಾಗಿ ನಡೆಯುತ್ತಿದ್ದ ಒಂದು ತಂಗುದಾಣಕ್ಕೆ ಬೆಂಕಿ ಬಿದ್ದಿತು. ಸರಪಳಿಗಳಿಂದ ಬಿಗಿಯಲ್ಪಟ್ಟಿದ್ದ ರೋಗಿಗಳು ಓಡಲಾರದೆ ಹೋದರು. 28 ಮಂದಿ ಸತ್ತರು. ಮೊದಲನೆಯ ಸ್ಥಳದಲ್ಲಿಯೂ ಎರಡನೆಯ ಸ್ಥಳದಲ್ಲಿಯೂ ಜನರನ್ನು ಕರೆತಂದುದು ಶ್ರದ್ಧೆಯೇ. ಭೇದವಿದ್ದುದು ಅಲ್ಲಿ ಅವರನ್ನು ನಡೆಸಿಕೊಂಡ ರೀತಿಯಲ್ಲಿ. ಮೊದಲನೆಯ ಕಡೆ ರೋಗಿಯು ಎದ್ದು ಹೋಗಬಹುದಾಗಿತ್ತು. ಎರಡನೆಯ ಕಡೆ ಎದ್ದು ಹೋಗುವಂತಿರಲಿಲ್ಲ.

ಇನ್ನು ಮನೆಯವರ ಅಧಿಕಾರದ ವಿಚಾರ. ಪಶ್ಚಿಮದೇಶಗಳ ವೈದ್ಯಧರ್ಮವು ಪ್ರಾಪ್ತವಯಸ್ಕನಾದ ರೋಗಿಯೊಬ್ಬನನ್ನೇ ಮುಖ್ಯನೆಂದು ತಿಳಿಯುತ್ತದೆ; ಅವನ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ವಿಷಯವನ್ನು ಹೇಳುವಂತಿಲ್ಲ. ನಮ್ಮಲ್ಲಿ ರೋಗಿಯೊಡನೆ ನಾಲ್ವರು ಬರುತ್ತಾರೆ. ಮೊದಲು ಮಾತನಾಡುವವನು ಅಣ್ಣನೋ ಮಾವನೋ ಆಗಿರುತ್ತಾನೆ. 1950ರ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಸಂಗಡ ಮನೆಯವರನ್ನೂ ಉಳಿಸಿಕೊಂಡರು. ಬಿಟ್ಟುಹೋದವರೆಂದು ಎಣಿಸಬಹುದಾಗಿದ್ದವರು ಗುಣಹೊಂದಿ ತಮ್ಮವರೊಡನೆ ಮನೆಗೆ ಹಿಂದಿರುಗಿದರು. ಕುಟುಂಬವನ್ನು ಹೊರಗೆ ನಿಲ್ಲಿಸುವ ವೈದ್ಯನು ನಮ್ಮ ದೇಶದಲ್ಲಿ ಅರ್ಧ ಔಷಧವನ್ನು ಚೆಲ್ಲಿದಂತೆಯೇ ಸರಿ.

ಆದರೆ ಅದೇ ಕುಟುಂಬವು ವೈದ್ಯನನ್ನು ಸಂಕಟಕ್ಕೂ ಗುರಿಮಾಡುತ್ತದೆ. ಮದುವೆಯಾದರೆ ಹುಚ್ಚು ಬಿಡುವುದೆಂದು ನಂಬಿ, ರೋಗವನ್ನು ಬೀಗರಿಗೆ ಮರೆಮಾಡಿ, "ಏನೂ ಇಲ್ಲವೆಂದು ಒಂದು ಚೀಟಿ ಬರೆದುಕೊಡಿ" ಎಂದು ಕೇಳುವವರುಂಟು. ವೈದ್ಯನು ರೋಗಿಯ ಗುಟ್ಟನ್ನು ಬಯಲುಮಾಡಬಾರದು. ಸುಳ್ಳು ಚೀಟಿಯನ್ನೂ ಕೊಡಬಾರದು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಹೆಣ್ಣುಮಗಳು ಔಷಧವನ್ನು ಕದ್ದು ನುಂಗಬೇಕಾಗಿ ಬಂದು, ಕಡೆಗೆ ಬಿಟ್ಟು, ರೋಗವು ಮರುಕಳಿಸಿ ತವರಿಗೆ ಮರಳಬೇಕಾಗುವುದೆಂಬುದನ್ನು ಅವಳಿಗೂ ಅವಳ ಹಿರಿಯರಿಗೂ ಮೊದಲೇ ತಿಳಿಯಹೇಳಬೇಕು. ಊಟದಲ್ಲಿ ಔಷಧವನ್ನು ಬೆರೆಸಿಕೊಡುವುದು ಮತ್ತೊಂದು ತೊಡಕು. ಔಷಧವನ್ನು ಒಲ್ಲದ ಮಗನಿಗೆ ತಾಯಿಯು ಸಾರಿನಲ್ಲಿ ಬೆರೆಸುವಳು. ಪರದೇಶದಲ್ಲಿ ಕಲಿತ ವೈದ್ಯನು ಇದನ್ನು ಕೇಳಿ ಬೆಚ್ಚುವನು. ಆದರೆ ಹತ್ತಿರದಲ್ಲಿ ಆಸ್ಪತ್ರೆಯಿಲ್ಲದ, ಕೈಮಾಡುವ ಮಗನೊಡನೆ ಒಬ್ಬಳೇ ಇರುವ ತಾಯಿಗೆ ಬೇರೆ ಯಾವ ದಾರಿಯನ್ನು ತೋರಿಸಿದ್ದಾನೆ? ಆಪತ್ಕಾಲದಲ್ಲಿ ಕ್ಷಮ್ಯವಾದುದನ್ನು ನಿತ್ಯದ ಪದ್ಧತಿಯಾಗಿ ಮಾಡುವುದು ಮಾತ್ರ ಅಪಾಯಕರ. ತನ್ನ ಅನ್ನದಲ್ಲಿ ಏನನ್ನೋ ಬೆರೆಸುತ್ತಿದ್ದಾರೆಂಬ ಸಂಶಯವೇ ಅನೇಕ ರೋಗಿಗಳಿಗೆ ರೋಗದ ಮುಖ್ಯ ಲಕ್ಷಣ. ಒಂದು ದಿನ ಆ ಸಂಶಯವು ನಿಜವೆಂದು ಅವನಿಗೆ ಗೊತ್ತಾದರೆ ತಾಯಿಯ ಕೈಯ ಅನ್ನವೂ ವೈದ್ಯನ ಮಾತೂ ಅವನಿಗೆ ಒಟ್ಟಿಗೆ ಕಹಿಯಾಗುವುವು.

ಈ ಇಕ್ಕಟ್ಟುಗಳಿಗೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ ತಿಂಗಳಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಒಂದು ಮಧ್ಯಮಾರ್ಗವನ್ನು ತೋರಿಸಿದೆ. ರೋಗಿಯು ಸ್ವಸ್ಥನಾಗಿರುವಾಗಲೇ ತನಗೆ ಮುಂದೆ ಯಾವ ಚಿಕಿತ್ಸೆಯು ಬೇಕು, ಯಾವುದು ಬೇಡವೆಂದು ಬರೆದಿಡಬಹುದು. ತನ್ನ ಪರವಾಗಿ ನಿಲ್ಲತಕ್ಕವರನ್ನು ತಾನೇ ಗೊತ್ತುಮಾಡಬಹುದು. ಹೀಗೆ ಬಂಧುವಿನ ಅಧಿಕಾರವು ರೋಗಿಯ ಆಯ್ಕೆಯಿಂದಲೇ ಹುಟ್ಟುವಂತಾಯಿತು. ಸರಪಳಿಯಿಂದ ಬಿಗಿಯುವುದನ್ನು ಆ ಕಾಯಿದೆಯು ನಿಷೇಧಿಸಿದೆ. ಇವೆಲ್ಲಕ್ಕಿಂತ ಹಿರಿದಾದ ವಿಧಿ ಇನ್ನೊಂದಿದೆ. ಒಬ್ಬನ ನಡತೆಯು ತನ್ನ ಸಮಾಜದ ನೀತಿಗೋ ಆಚಾರಕ್ಕೋ ರಾಜಕೀಯ ಮತಕ್ಕೋ ಧರ್ಮಶ್ರದ್ಧೆಗೋ ಹೊಂದುವುದಿಲ್ಲವೆಂಬ ಕಾರಣದಿಂದ ಅವನನ್ನು ಮನೋರೋಗಿಯೆಂದು ನಿರ್ಣಯಿಸಕೂಡದು ಎಂದು ಅದರಲ್ಲಿ ವಿಧಿಸಿದೆ.

ಈ ವಿಧಿಯ ಬೆಲೆಯು ಲೋಕದ ಚರಿತ್ರೆಯನ್ನು ನೋಡಿದರೆ ತಿಳಿಯುವುದು. 1851ರಲ್ಲಿ ಅಮೆರಿಕದ ಕಾರ್ಟ್‌ರೈಟ್ ಎಂಬ ವೈದ್ಯನು, ಒಡೆಯನಿಂದ ತಪ್ಪಿಸಿಕೊಂಡು ಓಡುವ ಗುಲಾಮನ ಆಸೆಗೆ ಒಂದು ರೋಗದ ಹೆಸರನ್ನು ಕಟ್ಟಿದನು. ಇಪ್ಪತ್ತನೆಯ ಶತಮಾನದಲ್ಲಿ ಸೋವಿಯತ್ ರಾಜ್ಯವು ತನ್ನ ಮತವನ್ನು ಒಪ್ಪದ ಪ್ರಜೆಗಳನ್ನು ಮನೋರೋಗಿಗಳೆಂದು ಆಸ್ಪತ್ರೆಗಳಲ್ಲಿ ಕೂಡಿಹಾಕಿತು; ಲೋಕದ ಮನೋವೈದ್ಯರ ಸಂಘವು 1977ರಲ್ಲಿ ಹವಾಯಿಯಲ್ಲಿ ವೃತ್ತಿಧರ್ಮದ ಘೋಷಣೆಯನ್ನು ಮಾಡಿತು; ಹೊರಹಾಕುವ ಪ್ರಸಂಗವು ಸಮೀಪಿಸಿದಾಗ 1983ರಲ್ಲಿ ಸೋವಿಯತ್ ವೈದ್ಯರು ಆ ಸಂಘವನ್ನು ತಾವೇ ಬಿಟ್ಟರು. ಇವು ಹಳೆಯ ಮಾತುಗಳೆಂದು ತಳ್ಳುವಂತಿಲ್ಲ. ಇಂಗ್ಲೆಂಡಿನಲ್ಲಿ ಇಂದಿಗೂ ಕಪ್ಪು ಜನರು ಬಿಳಿಯರಿಗಿಂತ ಮೂರು ಪಟ್ಟಿಗೂ ಮಿಗಿಲಾಗಿ ಮಾನಸಿಕ ಆರೋಗ್ಯದ ಕಾಯಿದೆಯ ಮೇರೆಗೆ ಬಲವಂತವಾಗಿ ಆಸ್ಪತ್ರೆಗೆ ಸೇರಿಸಲ್ಪಡುತ್ತಿದ್ದಾರೆ.

ಇಂಥ ದೇಶಗಳಿಗೆ ಕನ್ನಡಿಗರಾದ ವೈದ್ಯರೂ ಹೋಗಿ ನೆಲಸಿದ್ದಾರೆ. ಕನ್ನಡಿಗರಾದ ರೋಗಿಗಳೂ ಇದ್ದಾರೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋದ ವೃದ್ಧೆಯೊಬ್ಬಳು, ತೀರಿಹೋದ ಯಜಮಾನರು ಬೆಳಗಿನ ಜಾವ ಬಂದು ಮಾತನಾಡಿಸುತ್ತಾರೆಂದು ಹೇಳಿದಳೆನ್ನಿ. ಅಲ್ಲಿನವನು ಅದನ್ನು ಭ್ರಾಂತಿಯೆಂದು ಬರೆದು ಔಷಧವನ್ನು ಕೊಡಬಹುದು. ಕನ್ನಡಿಗನಾದ ವೈದ್ಯನಾದರೆ, ಇದು ನಮ್ಮ ಮುದುಕಿಯರು ಹೇಳುವ ಮಾತೇ ಎಂದು ನಕ್ಕು ಬಿಡಬಹುದು. ಇವೆರಡೂ ತಪ್ಪಾಗಬಹುದು. ಆಕೆ ಉಣ್ಣುತ್ತಿದ್ದಾಳೆಯೇ, ನಿದ್ರಿಸುತ್ತಾಳೆಯೇ, ಆ ಮಾತು ಅವಳಿಗೆ ಸಮಾಧಾನವನ್ನು ಕೊಡುತ್ತದೆಯೇ ಅಥವಾ "ನೀನೂ ಬಾ" ಎಂದು ಕರೆಯುತ್ತದೆಯೇ ಎಂದು ಕೇಳಿದವನು ಮಾತ್ರ ವೈದ್ಯನು. ಅಪರಿಚಿತನು ತಪ್ಪುವುದು ತಿಳಿಯದೆ. ಸ್ವಜನನು ತಪ್ಪುವುದು ತಿಳಿದಿದೆಯೆಂಬ ಭರವಸೆಯಿಂದ. 2013ರಲ್ಲಿ ಅಮೆರಿಕದ ವೈದ್ಯರು ತಮ್ಮ ರೋಗನಿರ್ಣಯದ ಗ್ರಂಥದಲ್ಲಿ ರೋಗಿಯ ಸಂಸ್ಕೃತಿಯನ್ನು ಕುರಿತು ಕೇಳತಕ್ಕ 16 ಪ್ರಶ್ನೆಗಳನ್ನು ಸೇರಿಸಿದರು. ನಿಮ್ಮ ಕಷ್ಟವನ್ನು ನಿಮ್ಮವರಿಗೆ ಹೇಗೆ ವಿವರಿಸುವಿರಿ ಎಂಬ ಬಗೆಯ ಪ್ರಶ್ನೆಗಳು ಅಲ್ಲಿವೆ. ಇವುಗಳನ್ನು ಪರೀಕ್ಷಿಸಿದ ದೇಶಗಳಲ್ಲಿ ಭಾರತವೂ ಒಂದು. ಚರಕನ ದೇಶಪರೀಕ್ಷೆಯು ಬೇರೊಂದು ದಾರಿಯಿಂದ ಮರಳಿ ಬಂದಂತೆ ಇದು ಕಾಣುತ್ತದೆ.

ಪರದೇಶದಲ್ಲಿ ನಮ್ಮವರ ಕೂಟವು ಚಿಕ್ಕದು. ವೈದ್ಯನೂ ರೋಗಿಯೂ ಯುಗಾದಿಯ ಪಂಕ್ತಿಯಲ್ಲಿ ಎದುರುಬದುರಾಗಿ ಕುಳಿತುಕೊಳ್ಳಬೇಕಾಗುತ್ತದೆ. "ಅಣ್ಣಾ, ಅವರ ಮನೆಯ ಹುಡುಗ ಹೇಗಿದ್ದಾನೆ?" ಎಂದು ಮೂರನೆಯವನು ಪ್ರೀತಿಯಿಂದಲೇ ಕೇಳುವನು. ಅಲ್ಲಿ ಒಂದು ಮಾತು ಜಾರಿದರೆ ಆ ಕೂಟದ ಯಾವ ಮನೆಯವರೂ ಇನ್ನು ಅವನ ಬಾಗಿಲಿಗೆ ಬರಲಾರರು. ಊರಿನಿಂದ ಟೆಲಿಫೋನಿನಲ್ಲಿ ಮಗಳ ರೋಗವನ್ನು ವಿಚಾರಿಸುವ ತಂದೆಗೂ ಮಗಳ ಅನುಮತಿಯನ್ನು ಪಡೆದೇ ಉತ್ತರ ಹೇಳಬೇಕು. ಅನುಮತಿಯನ್ನು ಕೊಡುವಂತೆ ಅವಳನ್ನು ಸಮಾಧಾನದಿಂದ ಪ್ರೇರೇಪಿಸುವುದಕ್ಕೆ ಅಡ್ಡಿಯಿಲ್ಲ.

ವಿದೇಶಕ್ಕೆ ಹೋಗುವ ವೈದ್ಯನ ಮೇಲೆ ಮತ್ತೊಂದು ಋಣವೂ ಇದೆ. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲ. 2015–16ರ ರಾಷ್ಟ್ರೀಯ ಸಮೀಕ್ಷೆಯ ಮೇರೆಗೆ ಪ್ರಾಪ್ತವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗೂ ಮಿಗಿಲಾಗಿ ಒಂದಲ್ಲ ಒಂದು ಮನೋವ್ಯಥೆಯುಂಟು. ಅವರಲ್ಲಿ ಬಹುಮಂದಿಗೆ ಚಿಕಿತ್ಸೆಯೇ ಇಲ್ಲ. ಸಾರ್ವಜನಿಕರ ಹಣದಿಂದ ಕಲಿತವನು ಹೊರಗೆ ಹೋಗಬಾರದೆಂದು ಕಟ್ಟುಮಾಡುವುದು ಸಾಧುವಲ್ಲ. ಆದರೆ ಋಣವು ಸಮುದ್ರ ದಾಟಿದಮಾತ್ರಕ್ಕೆ ತೀರದು. 1980ರ ದಶಕದಲ್ಲಿ ಬೆಂಗಳೂರಿನ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿ, ರೋಗಿಯು ಪಟ್ಟಣಕ್ಕೆ ಬರುವ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋಗುವಂತೆ ಮಾಡಿದರು. ಅದೇ ಮಾದರಿಯು 1996ರಿಂದ ಇತರ ಜಿಲ್ಲೆಗಳಿಗೂ ಹಬ್ಬಿತು. ಊರಿನ ಭಾಷೆಯನ್ನು ಬಲ್ಲವನ ಕೈಗೆ ಶಾಸ್ತ್ರವನ್ನು ಕೊಡುವುದು, ಶಾಸ್ತ್ರವನ್ನು ಬಲ್ಲವನಿಗೆ ಊರಿನ ಭಾಷೆಯನ್ನು ಕಲಿಸುವುದಕ್ಕಿಂತ ಸುಲಭವೆಂಬುದನ್ನು ಬಳ್ಳಾರಿಯು ತೋರಿಸಿತು.

ಸಜ್ಜನರೇ, ಈ ವಿಚಾರವು ಮಠಮಂದಿರಗಳನ್ನೂ ಮುಟ್ಟದೆ ಬಿಡದು. ಮನಸ್ಸು ಕೆಟ್ಟವನನ್ನು ಮನೆಯವರು ಮೊದಲು ಕರೆತರುವುದು ಆಸ್ಪತ್ರೆಗಲ್ಲ, ಗುರುವಿನ ಸನ್ನಿಧಿಗೆ. ಅಲ್ಲಿ ಭಸ್ಮವನ್ನೂ ಪ್ರಸಾದವನ್ನೂ ಕೊಟ್ಟು ಧೈರ್ಯ ಹೇಳುವುದು ಉಚಿತವೇ. ಆದರೆ "ಇನ್ನು ಮಾತ್ರೆಗಳನ್ನು ನಿಲ್ಲಿಸಿರಿ" ಎಂಬ ಒಂದು ಮಾತು ಆ ಪೀಠದಿಂದ ಬಂದರೆ, ಭಕ್ತನು ಅದನ್ನು ಆಜ್ಞೆಯೆಂದು ತಿಳಿಯುವನು. ರೋಗವು ಮರುಕಳಿಸಿದಾಗ ಅದರ ಹೊಣೆಯನ್ನು ಹೊರುವವರು ಯಾರು? "ಔಷಧವನ್ನೂ ಸೇವಿಸು, ನಿಯಮವನ್ನೂ ನಡೆಸು, ತಿಂಗಳಿಗೊಮ್ಮೆ ಬಂದು ಮುಖ ತೋರಿಸು" ಎಂಬ ಮಾತಿಗೆ ಆಸ್ಪತ್ರೆಯ ಹತ್ತು ಚೀಟಿಗಳಿಗಿಲ್ಲದ ಬಲವುಂಟು. ಅದೇ ಮಾತು ಹುಚ್ಚನ ಮನೆಯೆಂಬ ಹೆಸರನ್ನು ಆ ಕುಟುಂಬದಿಂದ ಅಳಿಸಲೂ ಬಲ್ಲುದು. ವೈದ್ಯನು ಆಚಾರವನ್ನು ಅರಿತುಕೊಳ್ಳಲಿ. ಆಚಾರವನ್ನು ಕಾಯುವವರು ವೈದ್ಯವನ್ನು ಗೌರವಿಸಲಿ. ಇಬ್ಬರ ನಡುವೆ ಕುಳಿತಿರುವ ರೋಗಿಯ ಮಾತನ್ನು ಇಬ್ಬರೂ ಪೂರ್ತಿಯಾಗಿ ಕೇಳಲಿ. ಮಾಸ್ತಿಕಲ್ಲಿನಲ್ಲಿ ಕೆತ್ತಿದ ಆ ಹೆಂಗಸಿನ ಕೈಯಿದೆ, ಬಳೆಯಿದೆ. ಆಕೆಯ ಇಚ್ಛೆಯೇನಾಗಿತ್ತೆಂಬುದನ್ನು ಮಾತ್ರ ಆ ಕಲ್ಲು ಹೇಳುವುದಿಲ್ಲ. ಕೇಳಬೇಕಾದವರು ಬದುಕಿರುವವರನ್ನು, ಅವರು ಬದುಕಿರುವಾಗಲೇ, ಕೇಳಬೇಕು.

ಸರ್ವರಿಗೂ ಶುಭವಾಗಲಿ.